ಮುಖ ನೋಡಿ ಹೇಳಿದ ಬೆಲೆ

ಅಸ್ಗರ್ ಸಾಬರಿಗೆ ವ್ಯಾಪಾರ ಬರುವುದಿಲ್ಲ ಎಂದು ಶಿಡ್ಲಘಟ್ಟದಲ್ಲಿ ಎಲ್ಲರೂ ಹೇಳುತ್ತಿದ್ದರು. ಹಾಗೆ ಹೇಳಿದವರೇ ರೇಷ್ಮೆ ಗೂಡು ಮಾರಲು ಮೊದಲು ಅವರನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ಗೂಡು ಮಾರುವ ಬಯಲಿನ ಪಕ್ಕದಲ್ಲೇ ನನ್ನ ಹೋಟೆಲಿತ್ತು. ಈ ತಮಾಷೆಯನ್ನು ವರ್ಷಗಟ್ಟಲೆ ನೋಡಿದ್ದೇನೆ.

ಇದು ಐವತ್ತರ ದಶಕದ ಕೊನೆಯ ಮಾತು. ಆಗ ಬಯಲಿನಲ್ಲಿ ಯಾರೂ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಕೊಳ್ಳುವವರು ರೈತನ ಕೈ ಮೇಲೆ ಟವೆಲು ಹಾಕಿ, ಅದರಡಿ ಬೆರಳು ಹಿಡಿದು ತಿಳಿಸುತ್ತಿದ್ದರು; ಬೆರಳು ಹೆಚ್ಚಿದರೆ ಬೆಲೆಯೂ ಹೆಚ್ಚು. ಪಕ್ಕದಲ್ಲಿ ನಿಂತವನಿಗೂ ಗುಟ್ಟು ಸಿಗುತ್ತಿರಲಿಲ್ಲ. ರೈತನಿಗಾದರೋ ಕಾಯಲು ಪುರಸೊತ್ತಿಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದರೆ ಎಳೆ ತುಂಡಾಗಿ ಬೆಳೆಯೆಲ್ಲ ಹಾಳು. ರೇಷ್ಮೆ ಎಳೆ ಬಿಚ್ಚುವ ಇಪ್ಪತ್ತು ಚರಕದ ಯಜಮಾನ ಎರ್ರಪ್ಪ ಇದನ್ನೇ ನೆಚ್ಚಿಕೊಂಡಿದ್ದ. ಬೆಳಿಗ್ಗೆ ಬಂದು, ಗೂಡು ಮುಟ್ಟಿ, ಮುಖ ಸಿಂಡರಿಸಿ ಹೋದರೆ ಅವನು ಟವೆಲು ಬಿಚ್ಚುತ್ತಿದ್ದದ್ದು ಹೊತ್ತು ಇಳಿದ ಮೇಲೆಯೇ.

"ಸಾಬ್ರೇ, ಬೆರಳು ಹಿಡ್ಕೊಳ್ಳಿ, ಮುಖ ನೋಡ್ಬೇಡಿ," ಎಂದು ಅವನು ನನ್ನ ಹೋಟೆಲಿನಲ್ಲೇ ಅಸ್ಗರ್‌ಗೆ ಬುದ್ಧಿ ಹೇಳಿದ್ದ. "ಮುಖ ನೋಡಿದ್ರೆ ಒಂದು ಬೆರಳು ಜಾಸ್ತಿ ಬೀಳ್ತದೆ."

ಅಸ್ಗರ್ ಮುಖ ನೋಡುತ್ತಿದ್ದರು, ಒಂದು ಬೆರಳು ಜಾಸ್ತಿ ಬೀಳುತ್ತಿತ್ತು. ನನಗಂತೂ ಅವರೆಂದರೆ ಪ್ರಾಣ. ಎರ್ರಪ್ಪನಿಗೆ ಕಾಫಿ ಕೊಡುವಾಗ ಲೋಟ ಕುಕ್ಕಿಯೇ ಇಡುತ್ತಿದ್ದೆ.

ಅಸ್ಗರ್ ಮನೆಯಲ್ಲಿ ಇದ್ದದ್ದು ನಾಲ್ಕೇ ಚರಕ. ಕುದಿಯುವ ನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹಿಡಿದು ಬಿಚ್ಚುವ ಕೆಲಸ. ಒಂದು ಚರಕಕ್ಕೆ ಅವರ ಹೆಂಡತಿ ದಿಲ್ಷಾದ್ ಬೇಗಂ ಕೂರುತ್ತಿದ್ದರು, ಮಿಕ್ಕ ಮೂರಕ್ಕೆ ಕೂಲಿಯ ಹೆಂಗಸರು. ಅವರಲ್ಲಿ ಕೈಚಳಕದವಳೆಂದರೆ ಆಂಜಿನಮ್ಮ. ಒಂದು ಸೋಮವಾರ ಅವಳು ಬರಲಿಲ್ಲ. ವಿಚಾರಿಸಿದರೆ ಎರ್ರಪ್ಪನ ಚರಕಕ್ಕೆ ಸೇರಿಕೊಂಡಿದ್ದಳು.

ಕರೆತರಲು ಅಸ್ಗರ್ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಅವಳಿಗೆ ನಾಲ್ಕು ಮಾತು ಬಯ್ಯಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಶುರುಮಾಡಿದಳು.

"ನೀವು ಒಳ್ಳೇವ್ರು ಸಾಬ್ರೇ, ಇಲ್ಲ ಅನ್ನಲ್ಲ. ಆದ್ರೆ ನಿಮ್ಮ ಒಳ್ಳೇತನ ಎಲ್ಲಾ ಬಯಲಲ್ಲೇ ಮುಗ್ದೋಗ್ತದೆ. ನಮ್ಮ ಹತ್ರ ಬರೋ ಹೊತ್ಗೆ ಏನೂ ಮಿಕ್ಕಿರಲ್ಲ. ಎರ್ರಪ್ಪ ಬಯ್ತಾನೆ, ಶನಿವಾರದ ಕೂಲಿ ಮಾತ್ರ ತಪ್ಸಲ್ಲ."

ಅವಳ ಬೆರಳ ತುದಿಗಳು ಬಿಸಿನೀರಿಗೆ ಬೆಳ್ಳಗೆ ಬೆಂದು ಒಡೆದಿದ್ದವು. ಅಸ್ಗರ್ ಆ ಕೈಗಳನ್ನೇ ನೋಡುತ್ತ ನಿಂತರು. ದಾರಿಯಲ್ಲಿ ಒಂದೇ ಮಾತು ಹೇಳಿದರು: "ಈ ಕೈ ನಮ್ಮ ಮನೇಲೂ ಇದೆ. ನಾನು ನೋಡೇ ಇರ್ಲಿಲ್ಲ."

ಮಿಕ್ಕ ಇಬ್ಬರು ಹೆಂಗಸರೂ ಹೊರಡುವ ಲಕ್ಷಣ ಕಾಣುತ್ತಿತ್ತು. ಚರಕ ನಿಂತರೆ ತಾನೇ ಕೊಳ್ಳುತ್ತೇನೆಂದು ಎರ್ರಪ್ಪ ಆಗಲೇ ಹೇಳಿ ಕಳಿಸಿದ್ದ. ಇನ್ನೊಂದು ಸಲ ಬೆರಳು ಜಾಸ್ತಿ ಬಿದ್ದರೆ ಅಸ್ಗರ್ ಕಸುಬು ಮುಗಿದಂತೆಯೇ.

ಮುಂದಿನ ಸಲ ಬಯಲಿಗೆ ಬಂದ ಅಸ್ಗರ್ ಹೆಗಲ ಮೇಲಿನ ಟವೆಲನ್ನು ಇಳಿಸಲೇ ಇಲ್ಲ. ಮಂಚೇನಹಳ್ಳಿ ಕಡೆಯ ರಾಮಾಂಜಿನಪ್ಪ, ಅವರಿಗೇ ಗೂಡು ಹಾಕುತ್ತಿದ್ದ ಹಳೆಯ ರೈತ, ವಾಡಿಕೆಯಂತೆ ಕೈ ಚಾಚಿದ.

"ಕೈ ಬೇಡ ಅಪ್ಪಾ, ಬಾಯಲ್ಲೇ ಹೇಳ್ತೀನಿ," ಎಂದು ಅಸ್ಗರ್ ಎಲ್ಲರಿಗೂ ಕೇಳುವಂತೆ ಬೆಲೆ ಹೇಳಿದರು. ಅವರು ಯಾವಾಗಲೂ ಕೊಡುತ್ತಿದ್ದುದಕ್ಕಿಂತ ಅದು ಕಡಿಮೆ. "ಹೆಂಗಸರ ಕೂಲಿ ತೆಗೆದಿಟ್ಟು ನನ್ನ ಕೈಲಾಗೋದು ಇಷ್ಟು. ಸಾಯಂಕಾಲ ಬಂದ್ರೂ ಇದೇ. ಹೆಚ್ಚಿಸೋದೂ ಇಲ್ಲ, ಇಳಿಸೋದೂ ಇಲ್ಲ."

ಗುಟ್ಟು ಬಯಲಾಯಿತೆಂದು ಸುತ್ತ ನಿಂತಿದ್ದ ಖರೀದಿದಾರರೆಲ್ಲ ಬೈದರು. ಬಾಯಲ್ಲಿ ಹೇಳುವ ಬೆಲೆಯಲ್ಲಿ ಏನೋ ಮೋಸವಿದೆ ಎಂದುಕೊಂಡು ರಾಮಾಂಜಿನಪ್ಪನೂ ಬುಟ್ಟಿ ಎತ್ತಿಕೊಂಡು ಆಚೆಗೆ ಹೋದ. ಎರ್ರಪ್ಪ ಎಂದಿನಂತೆ ಅವನನ್ನು ಕಾಯಿಸಿ, ಊರಿನ ಬಸ್ಸು ಹೊರಡುವ ಹೊತ್ತಿಗೆ ಟವೆಲು ಬಿಚ್ಚಿದ. ಅದರಡಿಯಿಂದ ಕೈ ಕಿತ್ತುಕೊಂಡು ರಾಮಾಂಜಿನಪ್ಪ ಅಸ್ಗರ್ ಹತ್ತಿರ ವಾಪಸು ಬಂದ.

"ಮಗಳ ಮದುವೆ ಇಟ್ಕೊಂಡಿದ್ದೀನಿ ಸಾಬ್ರೇ. ಇನ್ನೊಂದೇ ಒಂದು ಬೆರಳು."

ಅಸ್ಗರ್ ಅವನ ಮುಖ ನೋಡಿದರು. ನಾನು ಹೋಟೆಲಿನ ಬಾಗಿಲಿನಲ್ಲೇ ನಿಂತು ನೋಡುತ್ತಿದ್ದೆ. ಕೊಟ್ಟುಬಿಡಿ ಎಂದು ಕೂಗಬೇಕೆನಿಸಿತು, ಕೊಡಬೇಡಿ ಎಂದೂ ಅನಿಸಿತು.

"ಆಗಲ್ಲ ಅಪ್ಪಾ. ಬೆಳಿಗ್ಗೆ ಹೇಳಿದ್ದೇ."

ರಾಮಾಂಜಿನಪ್ಪ ಬುಟ್ಟಿ ಕೆಳಗಿಳಿಸಿದ. ಆಮೇಲೆ, "ಎರ್ರಪ್ಪ ಇದಕ್ಕಿಂತ ಕಮ್ಮಿ ಹಿಡಿದ. ಆಗ ನಂಗೆ ಬೇಜಾರಾಗ್ಲಿಲ್ಲ. ಈಗ ಆಗ್ತಿದೆ," ಎಂದ.

"ಆಗ್ಲಿ," ಎಂದರು ಅಸ್ಗರ್. "ನನ್ನ ಮೇಲೇ ಇರ್ಲಿ ಅದು. ಗೂಡು ಸುರೀರಿ, ನಿಮ್ಮ ಬಸ್ಸು ಹೋಗ್ತದೆ."