ಐದನೇ ನಟ್ಟು

ಯಲಹಂಕದಲ್ಲಿ ಬಳ್ಳಾರಿ ರಸ್ತೆಯ ಮಗ್ಗುಲಿಗೆ ಖಾದರ್ ಬಾಷಾನ ಪಂಕ್ಚರ್ ಅಂಗಡಿ ಇತ್ತು. ಎಂಬತ್ತೆರಡು ಎಂಬತ್ತಮೂರರ ಸುಮಾರಿನ ಮಾತು. ಅಂಗಡಿ ಎಂದರೆ ಮೇಲೊಂದು ತಗಡು, ಎರಡು ಪಕ್ಕಕ್ಕೆ ಗೋಡೆ, ಹಿಂದುಗಡೆ ಗೋಣಿತಟ್ಟಿನ ಪರದೆ. ಪರದೆಯ ಆಚೆಗೆ ಮನೆ, ಮನೆಯಲ್ಲಿ ಅವನ ಹೆಂಡತಿ ಜೈನಾಬ್. ಅಂಗಡಿ ನಡೆಸುವವನು ಖಾದರ್ ಎಂದು ಊರೆಲ್ಲ ತಿಳಿದುಕೊಂಡಿತ್ತು. ಊರಿಗೆ ಗೊತ್ತಿರುವುದು ಯಾವಾಗಲೂ ಪರದೆಯ ಈಚೆಗಿನದು ಮಾತ್ರ.

ಖಾದರನ ಕಣ್ಣು ಹೋಗುತ್ತಿತ್ತು. ಪೊರೆಯಾಗಿದ್ದರೆ ಕೊಯ್ದು ತೆಗೆಯುತ್ತಿದ್ದರು, ಇದು ಪೊರೆಯಲ್ಲ. ಕಣ್ಣಿನ ಹಿಂದಿನ ನರ ಒಣಗುತ್ತಿದೆ, ಇದಕ್ಕೆ ಕನ್ನಡಕವೂ ಇಲ್ಲ ಕತ್ತರಿಯೂ ಇಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮೊದಮೊದಲು ಪಕ್ಕದಲ್ಲಿರುವುದು ಕಾಣದಾಯಿತು. ಬರಬರುತ್ತಾ ಬೆಳಕು ಯಾವುದು, ಲಾರಿ ಯಾವುದು ಎನ್ನುವಷ್ಟು ಮಾತ್ರ ಉಳಿಯಿತು. ಜೈನಾಬ್ ಇದನ್ನು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಯಶವಂತಪುರದಲ್ಲಿದ್ದ ತಂಗಿ ನಸೀಮಾಗೂ ಹೇಳಿರಲಿಲ್ಲ, ಏಕೆಂದರೆ ನಸೀಮಾಗೆ ಹೇಳುವುದೂ ಒಂದೇ, ಡಂಗುರ ಸಾರಿಸುವುದೂ ಒಂದೇ.

ಹೇಳುವುದರ ಬದಲು ಅವಳು ಕೆಲಸಕ್ಕೆ ನಿಂತಳು. ನಟ್ಟು ತಿರುಗಿಸುವ ಪಾನಗಳ ಹಿಡಿಗೆಲ್ಲ ಬಟ್ಟೆಯ ಚೂರು ಕಟ್ಟಿದಳು. ದೊಡ್ಡದಕ್ಕೆ ದಪ್ಪ ಗಂಟು, ಚಿಕ್ಕದಕ್ಕೆ ಸಣ್ಣ ಗಂಟು. ಪರದೆಯಲ್ಲಿ ಒಂದು ಕಡೆ ಗೋಣಿ ಸವೆದು ತೂತಾಗಿತ್ತು. ಅದಕ್ಕೆ ಕಣ್ಣು ಕೊಟ್ಟು ಕೂತು, ಬಂದ ಗಾಡಿ ಯಾವುದು, ಗಾಳಿ ಹೋಗಿ ಕೂತಿರುವುದು ಯಾವ ಚಕ್ರ, ಮೊಳೆ ಎಲ್ಲಿ ಹೊಕ್ಕಿದೆ ಎಂಬುದನ್ನು ಮನೆಮಾತಾದ ದಖ್ಖನಿಯಲ್ಲಿ ಮೆಲ್ಲಗೆ ಹೇಳುತ್ತಿದ್ದಳು. ಹೊರಗಿದ್ದ ಡ್ರೈವರುಗಳಿಗೆ ಅದು ಗೊಣಗಾಟದಂತೆ ಕೇಳುತ್ತಿತ್ತು. ಏನ್ ಸಾಬ್ರೆ, ಬೆಳಬೆಳಗ್ಗೇನೆ ಅರ್ಚನೆ ಶುರುವಾಯ್ತಾ ಎಂದು ನಗುತ್ತಿದ್ದರು. ಖಾದರನೂ ನಗುತ್ತಿದ್ದ. ಗಯ್ಯಾಳಿ ಎಂಬ ಹೆಸರು ಬಂದರೆ ಬರಲಿ ಎಂದು ಜೈನಾಬ್ ಸುಮ್ಮನಿದ್ದಳು.

ಇದು ಹೀಗೇ ನಡೆಯುತ್ತಿತ್ತೋ ಏನೋ. ಆದರೆ ಆ ಬೇಸಗೆಯಲ್ಲಿ ಹೆಬ್ಬಾಳದ ಇಳಿಜಾರಿನಲ್ಲಿ ಒಂದು ಲಾರಿಯ ಚಕ್ರ ಕಳಚಿ ಕೆರೆಯ ಕಡೆ ಉರುಳಿತು. ಯಾರಿಗೂ ಪೆಟ್ಟಾಗಲಿಲ್ಲ. ಚಕ್ರ ತೊಡಿಸಿದವರು ಯಾರೋ, ಯಾವೂರೋ, ಒಬ್ಬರಿಗೂ ತಿಳಿಯಲಿಲ್ಲ. ತಿಳಿಯದ ಕಡೆಯೇ ಊರ ಬಾಯಿಗೆ ಕೆಲಸ ಜಾಸ್ತಿ. ಎದುರುಗಡೆ ಗ್ಯಾಸ್ ವೆಲ್ಡಿಂಗ್ ಇಟ್ಟುಕೊಂಡಿದ್ದ ವೆಂಕಟೇಶಪ್ಪ, ಸಾಬರ ನೋಟ ಯಾಕೋ ಸರಿಯಿಲ್ಲ, ಮುಖ ಒಂದು ಕಡೆ, ಮಾತು ಒಂದು ಕಡೆ ಎಂದು ಟೀ ಅಂಗಡಿಯಲ್ಲಿ ಆಡಿದ. ಆ ಮಾತು ಪರದೆಯ ತೂತಿನವರೆಗೂ ಬಂತು. ಕಣ್ಣಿಲ್ಲದವನ ಕೈಗೆ ಯಾವ ಡ್ರೈವರೂ ಚಕ್ರ ಕೊಡುವುದಿಲ್ಲ ಎನ್ನುವುದು ಜೈನಾಬಿಗೆ ಗೊತ್ತಿತ್ತು. ಚಕ್ರ ಕೈ ತಪ್ಪಿದರೆ ಖಾದರ್ ಏನಾಗುತ್ತಾನೆ ಎಂಬುದೂ ಗೊತ್ತಿತ್ತು. ಹನ್ನೆರಡನೇ ವಯಸ್ಸಿನಿಂದ ಟೈರು ತಟ್ಟಿಕೊಂಡು ಬಂದ ಮನುಷ್ಯ ಅವನು. ಹಬ್ಬದ ದಿನವೂ ನಮಾಜು ಮುಗಿಸಿ ಬಂದು ಒಂದು ಸಲ ಜಾಕಿಯನ್ನು ಮುಟ್ಟಿ ನೋಡುವವನು. ಅವನನ್ನು ಮನೆಯೊಳಗೆ ಕೂರಿಸಿದರೆ ಮಳೆಗಾಲ ದಾಟಿ ಉಳಿಯುವುದಿಲ್ಲ ಎಂದು ಅವಳಿಗೆ ಭಯವಿತ್ತು.

ಒಂದು ಮಧ್ಯಾಹ್ನ ನಲ್ಲಿಯಲ್ಲಿ ನೀರು ಬಂತೆಂದು ಕೊಡ ಎತ್ತಿಕೊಂಡು ಹೋದಳು. ಅಲ್ಲಿ ದೊಡ್ಡಮುನಿಯಮ್ಮ ಸಾಲು ತಪ್ಪಿಸಿ ಕೊಡ ಇಟ್ಟು ಜಗಳ ತೆಗೆದಿದ್ದರಿಂದ ಹಿಂತಿರುಗುವುದು ತಡವಾಯಿತು. ಬಂದು ನೋಡಿದರೆ ಅಂಗಡಿಯ ಮುಂದೆ ಹತ್ತಿರದ ಸಿಂಗಾಪುರ ಹಳ್ಳಿಯ ಪಿಳ್ಳಪ್ಪನ ಜೀಪು ನಿಂತಿದೆ. ಮಿಲಿಟರಿಯವರು ಹರಾಜು ಹಾಕಿದ ಹಳೇ ಜೀಪು ಅದು. ಪಿಳ್ಳಪ್ಪ ಟೀ ಕುಡಿಯಲು ಹೋಗಿದ್ದ. ಖಾದರ್ ಎಡಗಡೆಯ ಹಿಂದಿನ ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ, ಕೈಯಲ್ಲಿ ಪಾನ ಇರಲಿಲ್ಲ. ಕೆಲಸದ ಮುಂದೆ ಬರಿಗೈಯಲ್ಲಿ ಕೂತ ಖಾದರನನ್ನು ಅವಳು ಅದುವರೆಗೆ ಕಂಡಿರಲಿಲ್ಲ.

ಕೊಡ ಇಳಿಸಿ ಹತ್ತಿರ ಬಂದಳು. ಬಿಚ್ಚಿದ ನಾಲ್ಕು ನಟ್ಟು ನೆಲದ ಮೇಲಿದ್ದವು. ಐದನೆಯದು ಚಕ್ರದಲ್ಲೇ ಇತ್ತು. ಅದರ ಆರು ಮೂಲೆಗಳೂ ಸವೆದು, ಚೀಪಿ ಬಿಟ್ಟ ಮಾವಿನ ವಾಟೆಯ ಹಾಗೆ ನುಣ್ಣಗಾಗಿತ್ತು.

ಅಂಥ ಜೀಪುಗಳ ಎಡಗಡೆ ಚಕ್ರದ ನಟ್ಟಿಗೆ ಲೋಕದ ರೀತಿ ಇಲ್ಲ. ಬೇರೆ ನಟ್ಟು ಬಿಗಿಯಾಗುವ ಕಡೆ ತಿರುಗಿಸಿದರೆ ಅದು ಸಡಿಲವಾಗುತ್ತದೆ. ಖಾದರನಿಗೆ ಇದು ನಿದ್ದೆಯಲ್ಲೂ ಗೊತ್ತು. ಹಾಗೆಯೇ ತಿರುಗಿಸಿದ, ನಾಲ್ಕು ಬಂದವು. ಐದನೆಯದು ಬರಲಿಲ್ಲ. ತುಕ್ಕು ಹಿಡಿದಿರಬೇಕೆಂದು ಸೀಮೆಎಣ್ಣೆ ಬಿಟ್ಟ, ಪಾನಕ್ಕೆ ಪೈಪು ಸಿಕ್ಕಿಸಿ ಅದರ ಮೇಲೆ ನಿಂತು ಮೈಭಾರವನ್ನೆಲ್ಲ ಬಿಟ್ಟ. ಜೈನಾಬ್ ಬಗ್ಗಿ ಬೋಲ್ಟುಗಳ ತುದಿ ನೋಡಿದಳು. ನಾಲ್ಕರ ತುದಿಯಲ್ಲಿ ಎಡಗಡೆಯದೆಂದು ತೋರಿಸುವ ಇಂಗ್ಲಿಷ್ ಅಕ್ಷರ ಕೊರೆದಿತ್ತು. ಐದನೆಯದು ಬೋಳು. ಯಾವ ಕಾಲದಲ್ಲೋ ಆ ಬೋಲ್ಟು ಮುರಿದಿದ್ದಾಗ ಯಾರೋ ಲೋಕದ ರೀತಿಯಲ್ಲೇ ತಿರುಗುವ ಸಾಧಾರಣದ ಒಂದನ್ನು ತಂದು ಹೊಡೆದಿದ್ದರು. ಖಾದರ್ ಇಷ್ಟು ಹೊತ್ತೂ ಅದನ್ನು ಬಿಚ್ಚುತ್ತಿರಲಿಲ್ಲ, ಜೀವ ಹೋಗುವಷ್ಟು ಬಿಗಿಯುತ್ತಿದ್ದ.

ಅವಳು ಮೆಲ್ಲಗೆ ಹೇಳಿದಳು. ಖಾದರನ ಮುಖ ಬಿಳಿಚಿಕೊಂಡಿತು. ಕಣ್ಣಿದ್ದ ಕಾಲದಲ್ಲಿ ಮೊದಲು ತುದಿ ನೋಡದೆ ಅವನು ಪಾನ ಮುಟ್ಟಿದವನೇ ಅಲ್ಲ.

ಅಷ್ಟರಲ್ಲಿ ಪಿಳ್ಳಪ್ಪ ಬಂದ, ಜೈನಾಬ್ ಪರದೆಯ ಹಿಂದಕ್ಕೆ ಸರಿದಳು. ಪಿಳ್ಳಪ್ಪ ಕೆಟ್ಟವನಲ್ಲ, ಅವಸರದವನು. ಹೊತ್ತು ಇಳಿಯುವುದರೊಳಗೆ ಹೋಗಿ ಹಸು ಕರೆಯಬೇಕು ಎಂದ. ನಟ್ಟು ಕೂತುಬಿಟ್ಟಿದೆ ಎಂದು ಖಾದರ್ ಹೇಳಿದಾಗ, ಹಾಗಾದರೆ ಟೀ ಅಂಗಡಿಯಿಂದ ನಿಮ್ಮ ಒದ್ದಾಟ ಕಂಡು ವೆಂಕಟೇಶಪ್ಪನಿಗೆ ಹೇಳಿ ಬಂದಿದ್ದೇ ಒಳ್ಳೆಯದಾಯಿತು ಎಂದುಬಿಟ್ಟ. ವೆಂಕಟೇಶಪ್ಪ ಕೈಲಿರುವ ಕೆಲಸ ಮುಗಿಸಿ ಗ್ಯಾಸು ತರುತ್ತಾನಂತೆ, ಸುಟ್ಟು ಕತ್ತರಿಸುತ್ತಾನಂತೆ.

ಪರದೆಯ ಹಿಂದೆ ಜೈನಾಬ್ ಲೆಕ್ಕ ಹಾಕಿದಳು. ವೆಂಕಟೇಶಪ್ಪ ಬಗ್ಗಿ ಒಂದು ಸಲ ನೋಡಿದರೆ ಸಾಕು. ನಟ್ಟು ಸವೆದಿರುವುದು ಬಿಗಿಯುವ ಕಡೆಗೆ, ಬೋಲ್ಟಿನ ತುದಿ ಬೋಳು. ಕಣ್ಣಿರುವವನು ಮಾಡುವ ತಪ್ಪಲ್ಲ ಇದು. ಸಂಜೆಯೊಳಗೆ ಹೆಬ್ಬಾಳದಿಂದ ದೊಡ್ಡಬಳ್ಳಾಪುರದವರೆಗೂ ಸುದ್ದಿ ಮುಟ್ಟುತ್ತದೆ. ಅವನು ರಸ್ತೆ ದಾಟಿ ಬರುವ ಮುಂಚೆ ನಟ್ಟು ಈಚೆ ಬಂದಿರಬೇಕು.

ಖಾದರನೂ ಅದನ್ನೇ ಎಣಿಸಿದನೇನೋ. ಉಳಿ ಹುಡುಕಿ ತಂದು, ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಸುತ್ತಿಗೆ ಎತ್ತಿದ. ನಟ್ಟಿನ ಅಂಚಿಗೆ ಉಳಿಯನ್ನು ಓರೆಯಾಗಿ ಕೊಟ್ಟು ಬಿಚ್ಚುವ ಕಡೆಗೆ ಹೊಡೆದರೆ ನಟ್ಟು ತಿರುಗಬೇಕು. ಸುತ್ತಿಗೆ ಟಣ್ ಟಣ್ ಎಂದಿತೇ ಹೊರತು ನಟ್ಟು ಜಗ್ಗಲಿಲ್ಲ. ಅವನು ಅಷ್ಟು ಬಲವಾಗಿ ಬಿಗಿದಿದ್ದ. ಇನ್ನು ಉಳಿದದ್ದು ಸಮ್ಮಟಿಗೆ. ಸಮ್ಮಟಿಗೆ ಎತ್ತಲು ಎರಡು ಕೈ ಬೇಕು. ಇಕ್ಕಳದಲ್ಲಿ ಹಿಡಿದರೆ ಆ ತಗ್ಗಿನೊಳಗೆ ಉಳಿ ಜಾರುತ್ತದೆ. ಬೇರೆ ಯಾರಾದರೂ ಕೈಯಲ್ಲೇ ಹಿಡಿಯಬೇಕು.

"ತತ್ತಾ ಸಾಬ್ರೆ, ನಾನ್ ಇಡ್ಕತೀನಿ," ಎಂದು ಪಿಳ್ಳಪ್ಪ ಪಂಚೆ ಎತ್ತಿ ಕಟ್ಟಿ ಕೂತೇಬಿಟ್ಟ.

ಖಾದರ್ ಸಮ್ಮಟಿಗೆ ಹಿಡಿದು ನಿಂತ, ಎತ್ತಲಿಲ್ಲ. ಕಾಣದ ಉಳಿಯ ಮೇಲೆ, ನಂಬಿ ಬಂದ ಮನುಷ್ಯನ ಕೈಯ ಪಕ್ಕಕ್ಕೆ ಹೊಡೆಯುವುದು ಹೇಗೆ? ಹೊಡೆಯುವುದಿಲ್ಲ ಎಂದರೆ ಯಾಕೆಂದು ಹೇಳುವುದು ಹೇಗೆ?

ಪರದೆ ಸರಿಯಿತು. ಜೈನಾಬ್ ತಲೆಯ ಮೇಲಿನ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ಹಗಲು ಹೊತ್ತಿನಲ್ಲಿ, ಪರಪುರುಷನ ಎದುರಿಗೆ, ಅಂಗಡಿಯೊಳಗೆ ಬಂದಳು. ಮದುವೆಯಾದ ಮೇಲೆ ಇದೇ ಮೊದಲು.

"ನೀವು ಏಳಿ ಅಣ್ಣಾ," ಎಂದಳು. "ನಮ್ಮೋರ ಪೆಟ್ಟು ನಂಗೆ ಅಭ್ಯಾಸ ಐತೆ. ನಾನ್ ಹಿಡ್ಕೊತೀನಿ."

ಪಿಳ್ಳಪ್ಪ ಎದ್ದು ಪಕ್ಕಕ್ಕೆ ಸರಿದ. ಜೈನಾಬ್ ಕೂತು, ಉಳಿಯನ್ನು ನಟ್ಟಿಗೆ ಓರೆಯಾಗಿ ಕೊಟ್ಟು, ಎಡಗೈಯಲ್ಲಿ ಬಿಗಿಯಾಗಿ ಹಿಡಿದಳು. ಮುಖವನ್ನು ಉಳಿಯ ತಲೆಯ ನೇರಕ್ಕೆ ತಂದಳು. ಖಾದರ್ ಸಮ್ಮಟಿಗೆಯನ್ನು ಮೊದಲು ಮೆಲ್ಲಗೆ ಉಳಿಯ ತಲೆಯ ಮೇಲಿಟ್ಟು ಅಳತೆ ನೋಡಿದ.

"ಬಿಸ್ಮಿಲ್ಲಾ," ಎಂದಳು ಜೈನಾಬ್, ಮೆಲ್ಲಗೆ, ಸ್ಪಷ್ಟವಾಗಿ.

ಅವನು ಆ ದನಿಗೆ ಹೊಡೆದ. ಪೆಟ್ಟು ಉಳಿಯ ನೆತ್ತಿಗೆ ಬಿತ್ತು. ಎಂಥ ದೈವಭಕ್ತೆ ಹೆಂಗಸು ಎಂದುಕೊಂಡ ಪಿಳ್ಳಪ್ಪ. ದೇವರ ಹೆಸರನ್ನು ಗುರಿ ತೋರಿಸಲು ಬಳಸಿದ್ದಕ್ಕೆ ದೇವರು ಅವಳ ಮೇಲೆ ಸಿಟ್ಟಾಗಿರಲಾರ ಎಂದು ನಂಬೋಣ.

ಮತ್ತೆ ಬಿಸ್ಮಿಲ್ಲಾ, ಮತ್ತೆ ಪೆಟ್ಟು. ಉಳಿ ನಟ್ಟನ್ನು ಕಚ್ಚಿತು. ಎದುರುಗಡೆ ವೆಂಕಟೇಶಪ್ಪ ಸಿಲಿಂಡರನ್ನು ಕೈಗಾಡಿಗೆ ಏರಿಸುವ ಸದ್ದು ಕೇಳಿಸಿತು. ಆ ಸದ್ದಿಗೆ ಖಾದರ್ ತಲೆ ಹೊರಳಿಸಿದ, ಒಂದು ಚೂರೇ. ಮೂರನೇ ಪೆಟ್ಟು ಉಳಿಯ ಅಂಚಿಗೆ ತಾಗಿ, ಜಾರಿ, ಅವಳ ಹೆಬ್ಬೆರಳಿನ ಮೇಲೆ ಬಿತ್ತು.

ಜೈನಾಬ್ ಕೂಗಲಿಲ್ಲ. ಹಲ್ಲು ಕಚ್ಚಿ ಹಿಡಿದಾಗ ಕಣ್ಣಿನಲ್ಲಿ ನೀರು ತಾನಾಗಿ ಬಂತು. ಉಗುರಿನ ಬುಡದಿಂದ ರಕ್ತ ಉಳಿಯ ಮೇಲೆ ಹರಿಯಿತು. ಪಿಳ್ಳಪ್ಪ ಅಯ್ಯೋ ಎನ್ನಲು ಬಾಯಿ ತೆರೆದ. ಅವಳು ಅವನತ್ತ ನೋಡಿ ಬೇಡ ಎಂದು ತಲೆಯಾಡಿಸಿದಳು.

ಪಿಳ್ಳಪ್ಪ ಅವಳ ಕೈ ನೋಡಿದ, ಖಾದರನ ಮುಖ ನೋಡಿದ. ಅಷ್ಟು ರಕ್ತ ಕಣ್ಣೆದುರಿಗೇ ಹರಿಯುತ್ತಿದ್ದರೂ ಸಮ್ಮಟಿಗೆ ಎತ್ತಿಕೊಂಡು ಮುಂದಿನ ದನಿಗೆ ಕಿವಿಗೊಟ್ಟು ನಿಂತ ಗಂಡನನ್ನು ಕಂಡು ಅವನಿಗೆ ಎಲ್ಲವೂ ತಿಳಿದುಹೋಯಿತು. ತೆರೆದ ಬಾಯಿಯನ್ನು ಅಂಗೈಯಿಂದ ಮುಚ್ಚಿಕೊಂಡ.

ಜೈನಾಬ್ ಜಜ್ಜಿದ ಬೆರಳನ್ನು ಸರಿಸಿ ಉಳಿದ ಬೆರಳುಗಳಲ್ಲಿ ಉಳಿ ಹಿಡಿದಳು. ಉಗುಳು ನುಂಗಿದಳು.

"ಬಿಸ್ಮಿಲ್ಲಾ."

ನಟ್ಟು ಕಿರ್ರೆಂದಿತು. ಇನ್ನೊಂದಕ್ಕೆ ಅಲುಗಿತು. ಅದರ ಮುಂದಿನದಕ್ಕೆ ಅರ್ಧ ಸುತ್ತು ಬಂತು. ಖಾದರ್ ಸಮ್ಮಟಿಗೆ ಬಿಸಾಡಿ, ಕೂತು, ಉಳಿದಷ್ಟನ್ನು ಬೆರಳಿನಲ್ಲೇ ತಿರುಗಿಸಿ ತೆಗೆದ. ಬೋಲ್ಟಿನ ಬೋಳು ತುದಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿದ. ಜೈನಾಬ್ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಗೋಡೆಗೆ ಒರಗಿದಳು.

ವೆಂಕಟೇಶಪ್ಪ ಬಂದ. ಕರೆದು ಕೆಲಸ ತಪ್ಪಿಸಿದರೆಂದು ಮುಖ ಸಿಂಡರಿಸಿಕೊಂಡು ನೆಲದ ಮೇಲಿದ್ದ ನಟ್ಟನ್ನು ಎತ್ತಿ ಬೆಳಕಿಗೆ ಹಿಡಿದ. ಬೋಲ್ಟನ್ನು ನೋಡಿದ. ಮತ್ತೆ ನಟ್ಟು ನೋಡಿದ.

"ಇದನ್ನ ಯಾವನ್ ತಿರುಗ್ಸಿದ್ದು? ಕಣ್ಣಿರೋನ್ ಮಾಡೋ ಕೆಲ್ಸಾನ ಇದು?"

ಖಾದರ್ ಬಾಯಿ ತೆರೆಯುವಷ್ಟರಲ್ಲಿ ಪಿಳ್ಳಪ್ಪ ಮುಂದೆ ಬಂದ.

"ನಾನೇ ಕಣಪ್ಪ. ಅಲ್ಲೇ ತ್ವಾಟದತ್ರ ಬಿಚ್ಚಾಕ್ ಓಗಿ ಇಂಗ್ ಮಾಡ್ಕಂಡೆ. ಕಣ್ಣಿತ್ತು, ಬುದ್ಧಿ ಇರ್ಲಿಲ್ಲ."

ವೆಂಕಟೇಶಪ್ಪ ನಂಬಿದನೋ ಬಿಟ್ಟನೋ, ಹಳ್ಳಿಯವರ ಕೈಗೆ ಜೀಪು ಕೊಟ್ಟರೆ ಇಷ್ಟೇ ಎಂದು ಗೊಣಗಿ ಸಿಲಿಂಡರು ತಳ್ಳಿಕೊಂಡು ಹೋದ. ಖಾದರ್ ಮುಖವನ್ನು ಪಿಳ್ಳಪ್ಪನ ದನಿಯ ಕಡೆ ತಿರುಗಿಸಿದ. ಆಮೇಲೆ ಟ್ಯೂಬಿಗೆ ತೇಪೆ ಹಾಕಿದ, ಚಕ್ರ ಎತ್ತಿ ಕೂರಿಸಿದ. ಐದನೆಯ ಬೋಲ್ಟಿಗೆ ಬೇರೆ ನಟ್ಟು ಹುಡುಕಿ ಹಾಕಿದ. ಐದನ್ನೂ ಬಿಗಿದು ಪಾನ ಕೆಳಗಿಟ್ಟ.

ಪಿಳ್ಳಪ್ಪ ಜೀಪು ಹತ್ತಲಿಲ್ಲ. ಜೈನಾಬಿನ ಕಡೆ ತಿರುಗಿದ.

"ಅಕ್ಕಾ, ನೀವೊಂದ್ ಕಿತ ನೋಡಿ, ಸರಿಗೈತಾ ಏಳಿ. ನಮ್ಮವ್ವ ಕೂತ್ಕತಳೆ ಈ ಜೀಪಲ್ಲಿ. ಇನ್ ಮ್ಯಾಕೆ ನೀವ್ ನೋಡ್ದೆ ಇಲ್ಲಿಂದ ಯಾರ್ದೇ ಆಗ್ಲಿ ಒಂದ್ ಚಕ್ರ ಆಚೀಗ್ ಓಗ್ಬಾರ್ದು. ಅಷ್ಟ್ ಮಾಡಿ, ನನ್ ಬಾಯಿಂದ ಯಾವತ್ತೂ ಏನೂ ಬರಕಿಲ್ಲ."

ಮಾತು ಕಟುವಾಗಿತ್ತು, ಆದರೆ ನ್ಯಾಯವಾಗಿತ್ತು. ಗಂಡನಿಗೆ ನೋವಾಗಿದ್ದು ಜೈನಾಬಿಗೆ ಗೊತ್ತಾಯಿತು, ಆದರೂ ಎದ್ದು ಹೋಗಿ ಬಲಗೈಯಲ್ಲಿ ಒಂದೊಂದೇ ನಟ್ಟನ್ನು ಅಲುಗಿಸಿ, ಬಗ್ಗಿ ನೋಡಿ, ಸರಿಯಾಗಿದೆ ಎಂದಳು. ಪಿಳ್ಳಪ್ಪ ಹೊರಟ.

ಅಂದಿನಿಂದ ಗೋಣಿಯ ಪರದೆ ಪೂರ್ತಿ ಬೀಳಲಿಲ್ಲ. ಕೊನೆಯ ನಟ್ಟು ಬಿಗಿದ ಮೇಲೆ ಜೈನಾಬ್ ಬಂದು ನೋಡುವುದು ಆ ಅಂಗಡಿಯ ಪದ್ಧತಿಯಾಯಿತು. ಗಯ್ಯಾಳಿ ಗಂಡನ ಕೆಲಸದಲ್ಲೂ ತಪ್ಪು ಹುಡುಕುತ್ತಾಳೆ ಎಂದು ಡ್ರೈವರುಗಳು ನಗುತ್ತಾ ಕಾದು ನಿಲ್ಲುತ್ತಿದ್ದರು. ಖಾದರ್ ಬದುಕಿರುವವರೆಗೂ ಚಕ್ರ ಅವನ ಕೈ ಬಿಡಲಿಲ್ಲ.

ಆದರೆ ಆ ಸಂಜೆಯ ಮಾತು ಒಂದು ಉಳಿದಿದೆ. ಜೈನಾಬ್ ಅರಿಸಿನ ಹಚ್ಚಿ, ಬಟ್ಟೆ ಸುತ್ತಿ, ಏನೂ ಆಗದವಳಂತೆ ಒಂದೇ ಕೈಯಲ್ಲಿ ರೊಟ್ಟಿ ಬಡಿಯಲು ಕೂತಳು. ಖಾದರ್ ಒಲೆಯ ಪಕ್ಕ ಕೂತು ರೊಟ್ಟಿಯ ಸದ್ದು ಕೇಳುತ್ತಿದ್ದ. ಆಮೇಲೆ ಕೈ ಚಾಚಿ ಅವಳ ಎಡಗೈ ಹುಡುಕಿ ಹಿಡಿದ. ಬಟ್ಟೆಯ ದಪ್ಪವನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದ, ಅವಳು ಪಾನಗಳಿಗೆ ಕಟ್ಟಿದ್ದ ಗಂಟು ಮುಟ್ಟುವಂತೆಯೇ.

"ಒಂದು ಬಿಸ್ಮಿಲ್ಲಾ ತಡವಾಗಿ ಬಂತು," ಎಂದ. "ಆಗಲೇ ತಿಳೀಬೇಕಿತ್ತು ನಂಗೆ."

"ತಿಳಿದಿದ್ರೆ ಇನ್ನೊಂದು ಪೆಟ್ಟು ಹೊಡೀತಿದ್ರಾ?"

ಅವನು ಬಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಸವರಿದ.

"ಇಲ್ಲ."

"ಅದಕ್ಕೇ," ಎಂದು ಜೈನಾಬ್ ಕೈಯನ್ನು ಅವನ ಕೈಯಲ್ಲೇ ಬಿಟ್ಟು, ಇನ್ನೊಂದು ಕೈಯಲ್ಲಿ ರೊಟ್ಟಿ ಮಗುಚಿದಳು.