ಒಡೆದ ಗೂಡಿನ ಹಾರ

ಮೈದಾ ಹಿಟ್ಟಿಗೆ ಚೂರು ಮೈಲುತುತ್ತ ಹಾಕಿ ಅಂಟು ಕುದಿಸುವ ವಾಸನೆ ನಿಮಗೂ ನೆನಪಿರಬಹುದು. ಮೊನ್ನೆ ನಮ್ಮ ಬೀದಿಯಲ್ಲಿ ಗೋಡೆಗೆ ಭಿತ್ತಿಪತ್ರ ಹಚ್ಚುವವನೊಬ್ಬ ತಗಡಿನ ಡಬ್ಬಿಯ ಮುಚ್ಚಳ ತೆಗೆದ. ಹಾಲು ತರಲು ಹೊರಟಿದ್ದವಳು ಹಾಗೇ ನಿಂತುಬಿಟ್ಟೆ. ಬೆಂದ ಹಿಟ್ಟಿನ ಹುಳಿ, ಅದರಡಿಯಲ್ಲಿ ನಾಲಿಗೆಯ ತುದಿಗೆ ತಾಗುವ ಲೋಹದ ಒಗರು. ಕೊಳ್ಳೇಗಾಲದ ನೇಕಾರರ ಬೀದಿಯ ನಮ್ಮ ಮನೆಯಲ್ಲಿ ಮದುವೆಯ ಕಾಲ ಬಂತೆಂದರೆ ಬೆಳಗಾಗುತ್ತಿದ್ದದ್ದೇ ಈ ವಾಸನೆಯೊಂದಿಗೆ. ಪಕ್ಕದ ಓಣಿಯಲ್ಲಿ ರೇಷ್ಮೆ ಬಿಚ್ಚುವವರ ಮನೆಯಿಂದ ಬೆಂದ ಹುಳುವಿನ ನಾತ ಬರುತ್ತಿತ್ತು, ಅಪ್ಪನ ಮಗ್ಗದ ಕುಣಿಯಿಂದ ತಣ್ಣನೆಯ ಮಣ್ಣಿನ ವಾಸನೆ ಏಳುತ್ತಿತ್ತು. ಇವೆರಡರ ನಡುವೆ, ಒಲೆಯ ಮೇಲಿನ ಅಂಟನ್ನು ಬೇವಿನ ಕಡ್ಡಿಯಿಂದ ತಿರುವುತ್ತ, ಒಂದು ಕಣ್ಣನ್ನು ಬೀದಿಯ ಕಡೆಗೇ ನೆಟ್ಟುಕೊಂಡು ನಿಂತಿರುತ್ತಿದ್ದಳು ನಮ್ಮ ಪುಟ್ಟತಾಯಿ ಅತ್ತೆ, ಅಪ್ಪನ ಒಬ್ಬಳೇ ತಂಗಿ.

ಹೂವಿನ ಮಂಟಪ ಕಟ್ಟಿಸುವ ಶಕ್ತಿಯಿಲ್ಲದವರು ಅತ್ತೆಯನ್ನು ಹುಡುಕಿಕೊಂಡು ಬರುತ್ತಿದ್ದರು. ಅವಳ ಸಾಮಾನೆಲ್ಲ ಬೇರೆಯವರು ಬಿಸಾಡಿದ್ದು. ಚಿಟ್ಟೆ ತೂತು ಮಾಡಿಕೊಂಡು ಹೊರಗೆ ಹೋದ ರೇಷ್ಮೆಗೂಡಿನಿಂದ ನೂಲು ತೆಗೆಯಲು ಬರುವುದಿಲ್ಲ. ಅಂಥ ಒಡೆದ ಗೂಡುಗಳನ್ನು ಬುಟ್ಟಿಗಟ್ಟಲೆ ತಂದು, ಕತ್ತರಿಯಿಂದ ಎಸಳೆಸಳಾಗಿ ಸೀಳಿ, ನೂಲಿಗೆ ಬಣ್ಣ ಹಾಕುವವರ ಮನೆಯಲ್ಲಿ ಉಳಿದ ಬಣ್ಣದ ನೀರಿನಲ್ಲಿ ಅದ್ದಿ, ಮೊರದಲ್ಲಿ ಒಣಗಿಸಿ ಹಾರ ಪೋಣಿಸುತ್ತಿದ್ದಳು. ಮಗ್ಗದ ಕೆಳಗೆ ಗುಡಿಸಿದ ಜರಿಯ ತುಂಡುಗಳು ಬೆಂಡಿನ ಬಾಸಿಂಗಕ್ಕೆ ಅಂಚಾಗುತ್ತಿದ್ದವು. ಸಿಗರೇಟು ಪೊಟ್ಟಣದೊಳಗಿನ ಬೆಳ್ಳಿ ಕಾಗದವನ್ನು ಉಗುರಿನಿಂದ ತೀಡಿ ಚಪ್ಪರಕ್ಕೆ ನಕ್ಷತ್ರ ಮಾಡುತ್ತಿದ್ದಳು. ಮಗ್ಗದಲ್ಲಿ ಉಳಿದ ಬಟ್ಟೆಯ ತುದಿಗಳಿಂದ ತಾಂಬೂಲದ ಪುಟ್ಟ ಚೀಲಗಳು. ಹೆಣ್ಣಿನ ಕಡೆಯವರು ಗಂಡಿನ ಕಡೆಯವರಿಗೆ ಕೊಡಲೆಂದು ಒಣಕೊಬ್ಬರಿಯ ಬಟ್ಟಲಿನ ಮೇಲೆ ಗಿಳಿಯನ್ನೋ ಬಳ್ಳಿಯನ್ನೋ ಕೆತ್ತುತ್ತಿದ್ದಳು. ಕೆತ್ತುವಾಗ ಉದುರಿದ ಕೊಬ್ಬರಿಯ ಪುಡಿ ನನ್ನದು. ಅದರ ಎಣ್ಣೆಯ ಸಿಹಿ ಈಗಲೂ ಹಲ್ಲಿನ ಸಂದಿಯಲ್ಲಿದೆ.

ಆದರೆ ಅತ್ತೆ ನೆಮ್ಮದಿಯಾಗಿ ಕೂತು ಕೆಲಸ ಮಾಡಿದ್ದನ್ನು ನಾನು ಕಂಡವಳಲ್ಲ. ಅರ್ಧ ಹಾರ ಜಗಲಿಯಲ್ಲಿ, ಇನ್ನರ್ಧ ಹಿತ್ತಲಿನಲ್ಲಿ. ದಾರ ಬಾಯಲ್ಲಿ ಕಚ್ಚಿಕೊಂಡೇ ಬೀದಿಯ ತುದಿಯವರೆಗೆ ಹೋಗಿ ಬರುತ್ತಿದ್ದಳು. ನಮ್ಮ ಮನೆಯ ಬಾಗಿಲಿಗೆ ಹಗಲಿರಲಿ ರಾತ್ರಿಯಿರಲಿ ಚಿಲಕ ಹಾಕುವಂತಿರಲಿಲ್ಲ. ಗಾಳಿಗೆ ಬಾಗಿಲು ತಾನಾಗಿ ಮುಚ್ಚಿಕೊಂಡರೂ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ಅಪ್ಪ ಒಂದು ಗುಂಡುಕಲ್ಲು ತಂದು ಬಾಗಿಲಿಗೆ ಒತ್ತಿಟ್ಟಿದ್ದ. ತಾನು ಸಿಂಗರಿಸಿದ ಒಂದು ಮದುವೆಗೂ ಅವಳು ಹೋಗುತ್ತಿರಲಿಲ್ಲ. ಸಾಮಾನನ್ನು ಬುಟ್ಟಿಯಲ್ಲಿಟ್ಟು ಕೊಟ್ಟು ಕಳುಹಿಸಿದರೆ ಮುಗಿಯಿತು.

ಅವಳ ಕತೆಯನ್ನು ಅವ್ವ ನನಗೆ ತಲೆ ಬಾಚುತ್ತ ತುಣುಕುತುಣುಕಾಗಿ ಹೇಳಿದ್ದಳು. ಅತ್ತೆಯನ್ನು ಯಳಂದೂರಿಗೆ ಕೊಟ್ಟಿದ್ದರು. ಗಂಡ ಬೆಲ್ಲದ ಮಂಡಿಯಲ್ಲಿ ಕೆಲಸಕ್ಕಿದ್ದ. ಹೊಡೆಯುವವನಲ್ಲ, ಕುಡಿಯುವವನೂ ಅಲ್ಲ. ಆದರೆ ಮಂಡಿಗೆ ಹೊರಡುವಾಗ ಹೆಂಡತಿಯನ್ನು ಹಿಂದಿನ ಕೋಣೆಯೊಳಗೆ ಕಳುಹಿಸಿ ಹೊರಗಿನಿಂದ ಬೀಗ ಹಾಕುತ್ತಿದ್ದ. ಸಂಜೆ ಬಂದು ತೆಗೆಯುತ್ತಿದ್ದ. ಯಾರ ಮೇಲೆ ಅನುಮಾನವೋ ಅವನಿಗೇ ಗೊತ್ತಿರಲಿಲ್ಲ. ಒಂದು ದಿನ ಅತ್ತೆ ಅಟ್ಟ ಹತ್ತಿ, ಸೂರಿನ ನಾಡಹಂಚು ಸರಿಸಿ ಇಳಿದು, ತಲೆತುಂಬ ಹಂಚಿನ ಪುಡಿ ಹೊತ್ತು ಕೊಳ್ಳೇಗಾಲಕ್ಕೆ ನಡೆದುಬಂದಳು. ಅವನು ಕರೆಯಲು ಬರಲಿಲ್ಲ, ಇವಳು ಹೋಗಲಿಲ್ಲ. ಕೋರ್ಟು ಕಚೇರಿ ನಮ್ಮಂಥವರ ಮನಸ್ಸಿಗೆ ಬರುವ ಸಂಗತಿಯಾಗಿರಲಿಲ್ಲ.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಒಂದು ಸಂತೆಯ ದಿನ ಹನೂರಿನ ಕಡೆಯ ಹೆಂಗಸೊಬ್ಬಳು ನಮ್ಮ ಜಗಲಿಗೆ ಬಂದಳು. ಕೆಂಪಮ್ಮ ಎಂದು ಹೆಸರು. ಕಾಡಂಚಿನ ಊರಿನವಳು, ಸೀಗೆಕಾಯಿ ಮಾರಲು ಬಂದಿದ್ದಳು. ಗಂಡ ಸತ್ತಿದ್ದ, ಒಬ್ಬಳೇ ಮಗಳು.

“ಬಾಸಿಂಗ ಮಾಡೋರ ಮನೆ ಇದೇನಾ ಅವ್ವ? ಮಗ್ಳ ಮದ್ವೆ ಮಡೀಕಂಡಿವ್ನಿ. ನನ್ ತವ ಇರೋದು ಸೀಗೆಕಾಯಿ, ಒಸಿ ಜೇನು. ಅದ್ಕೆ ತಕ್ಕಂಗೆ ಏನಾರ ಮಾಡ್ಕೊಡಿ” ಎಂದಳು.

ಅತ್ತೆ ಬೆಂಡು ಕೊಯ್ಯುತ್ತ, “ಗಂಡು ಯಾವೂರು?” ಎಂದು ಕೇಳಿದಳು.

“ಯಳಂದೂರು. ಬೆಲ್ಲದ ಮಂಡೀಲಿ ಕೆಲ್ಸ. ಎರಡ್ನೇ ಸಂಬಂದ ಕಣವ್ವ. ಮೊದಲ್ನೋಳು ಸತ್ತೋದ್ಲಂತೆ ಪಾಪ. ಮಕ್ಳು ಮರಿ ಇಲ್ಲ.” ಗಂಡಿನ ಹೆಸರನ್ನೂ ಹೇಳಿದಳು.

ಒಳಗೆ ರಾಗಿ ಬೀಸುತ್ತಿದ್ದ ಅವ್ವನ ಕಲ್ಲು ನಿಂತಿತು. ಅತ್ತೆಯ ಕೈಯ ಚೂರಿ ಬೆಂಡಿನ ನಡುವೆಯೇ ಉಳಿಯಿತು.

“ಏನಾಗಿತ್ತಂತೆ ಅವ್ಳಿಗೆ?”

“ಜರ ಬಂದಿತ್ತಂತೆ.”

ಅತ್ತೆ ಬೀದಿಯ ಕಡೆ ನೋಡಿದಳು. ಆಮೇಲೆ ಚೂರಿಯನ್ನು ಮೆಲ್ಲಗೆ ಎಳೆದುಕೊಂಡು, “ಮಾಲೆ ಯಾವ ಬಣ್ಣದ್ದಾಗ್ಬೇಕು?” ಎಂದಳು. ಕೆಂಪಗಿರಲಿ ಎಂದಳು ಕೆಂಪಮ್ಮ. ಸೀಗೆಕಾಯಿಯ ಚೀಲ ಇಳಿಸಿ, ತನ್ನ ಊರಿನ ಗುರುತು, ಮದುವೆಯ ದಿನ ಹೇಳಿ, ಆ ಹೊತ್ತಿಗೆ ಯಾರನ್ನಾದರೂ ಕಳುಹಿಸಿ ತರಿಸಿಕೊಳ್ಳುತ್ತೇನೆಂದು ಹೋದಳು.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ನೆಲೆಯಿರಲಿಲ್ಲ. ಅಪ್ಪ ಮಗ್ಗದಲ್ಲಿ ಕೂತು ಲಾಳಿ ಎಸೆಯುತ್ತಿದ್ದವನು ನಡುವೆಯೇ ನಿಲ್ಲಿಸಿ ತಂಗಿಯ ಕಡೆ ನೋಡುತ್ತಿದ್ದ. ಅವ್ವ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಅತ್ತೆ ಕೆಲಸ ಮಾಡುತ್ತಿದ್ದಳು, ಎದ್ದು ಹೋಗುತ್ತಿದ್ದಳು, ಬರುತ್ತಿದ್ದಳು. ಪೋಣಿಸಿದ್ದನ್ನು ಬಿಚ್ಚಿ ಮತ್ತೆ ಪೋಣಿಸುತ್ತಿದ್ದಳು. ಹಾಗಾಗಿಯೋ ಏನೋ ಅಂಥ ಹಾರವನ್ನು ಅವಳು ಹಿಂದೆಂದೂ ಮಾಡಿರಲಿಲ್ಲ. ಎಸಳಿನ ಬುಡ ಕಡುಗೆಂಪು, ತುದಿಗೆ ಬರುಬರುತ್ತ ತಿಳಿ. ಕೈಗೆತ್ತಿಕೊಂಡರೆ ಭಾರವೇ ಇಲ್ಲ. ಅಲುಗಿಸಿದರೆ ಒಣ ಎಲೆಯಂಥ ಸಣ್ಣ ಸದ್ದು.

ಒಂದು ಸಂಜೆ ಅಪ್ಪ ಕುಣಿಯಿಂದ ಮೇಲೆ ಬಂದು, “ಊರೋರ್ ಉಸಾಬರಿ ನಮಗ್ಯಾಕೆ ತಾಯಿ? ನೀನು ಈಚೆ ಬಂದಾಯ್ತಲ್ಲ” ಎಂದ.

“ನಾ ಬಂದೆ ಕಣಣ್ಣ. ಕೋಣೆ ಅಲ್ಲೇ ಅದೆಯಲ್ಲ” ಎಂದಳು ಅತ್ತೆ.

ಮರುದಿನ ಬೆಳಿಗ್ಗೆ ಅಪ್ಪನೇ ಬುಟ್ಟಿ ಹೊತ್ತು ತಂದು ನಮ್ಮನ್ನು ಹನೂರಿನ ಬಸ್ಸು ಹತ್ತಿಸಿದ. ಒಬ್ಬಳೇ ಹೋಗುವುದು ಬೇಡವೆಂದು ಅವ್ವ ನನ್ನನ್ನು ಜೊತೆಮಾಡಿದ್ದಳು. ಬಸ್ಸಿನ ತುಂಬ ಮಾದಪ್ಪನ ಬೆಟ್ಟಕ್ಕೆ ಹೋಗುವವರು. ಅತ್ತೆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಗೆ ಮುಖವಿಟ್ಟಿದ್ದಳು. ಬಸ್ಸು ನಿಂತಲ್ಲೆಲ್ಲ ಎದ್ದು ನಿಲ್ಲುತ್ತಿದ್ದಳು. ಇಳಿದುಬಿಡುತ್ತಾಳೇನೋ ಎಂದು ನಾನು ಅವಳ ಸೆರಗನ್ನು ಬೆರಳಿಗೆ ಸುತ್ತಿಕೊಂಡಿದ್ದೆ.

ಹನೂರಿನಿಂದ ಮುಂದೆ ಕಾಲುದಾರಿ. ಕೆಂಪಮ್ಮನ ಗುಡಿಸಲ ಮುಂದೆ ಹಸಿ ಬಿದಿರಿನ ಚಪ್ಪರ ಎದ್ದಿತ್ತು, ಮೇಲೆ ಹೊಂಗೆ ಸೊಪ್ಪು. ಸಂಜೆಗೆ ಗಂಡಿನ ಕಡೆಯವರು ಬರುವವರಿದ್ದರು. ಮದುವಣಗಿತ್ತಿ ಮಾದೇವಿ ಕೈಗೆ ಅರಿಸಿನ ಹಚ್ಚಿಕೊಂಡು ಒಳಗೆ ಕೂತಿದ್ದಳು. ಹದಿನೆಂಟೋ ಹತ್ತೊಂಬತ್ತೋ ಇರಬೇಕು. ಎತ್ತರದ ಹುಡುಗಿ, ಅಗಲವಾದ ಕಣ್ಣು. ಆಳು ಕಳುಹಿಸುವವರೆಗೂ ಕಾಯದೆ ಅತ್ತೆಯೇ ಬಂದದ್ದನ್ನು ಕಂಡು ಕೆಂಪಮ್ಮ ಹಿಗ್ಗಿ ನೀರು ಕೊಟ್ಟಳು. ಅತ್ತೆ ನೀರು ಕುಡಿದು, ಚೊಂಬು ಕೆಳಗಿಟ್ಟು ಹೇಳಿದಳು:

“ಸತ್ತೋದೋಳು ಅಂದ್ರಲ್ಲ, ಅದು ನಾನೇ ಕಣವ್ವ.”

ಮೂಲೆಯಲ್ಲಿದ್ದ ಮಾದೇವಿಯ ಅಜ್ಜಿ ಮುಂದಕ್ಕೆ ಬಗ್ಗಿ ಅತ್ತೆಯ ಪಾದ ಹಿಂದುಮುಂದಾಗಿದೆಯೇ ಎಂದು ನೋಡಿತು. ನನಗೆ ನಗು ಬಂತು. ಆದರೆ ಉಳಿದವರ ಮುಖ ನೋಡಿ ನುಂಗಿಕೊಂಡೆ. ಅತ್ತೆ ಬೀಗದ ಕತೆಯನ್ನು ಏರಿಳಿತವಿಲ್ಲದೆ, ಯಾರದೋ ವಿಷಯವೆಂಬಂತೆ ಹೇಳಿ ಮುಗಿಸಿದಳು.

“ನಿಮಗೆ ಅಣ್ಣ ಅವ್ರೆ. ಬುಟ್ಟು ಬಂದ್ರಿ. ಇವ್ಳಿಗೆ ಯಾರವ್ರೆ?” ಎಂದಳು ಕೆಂಪಮ್ಮ. “ನಾಕೂರಿಗೆ ಎಲೆಯಡ್ಕೆ ಕೊಟ್ಟು ಕರ್ದಾಗದೆ. ಈಗ ನಿಂತೋದ್ರೆ ನನ್ ಮಗ್ಳ ಬಾಳೂ ನಿಂತೋಯ್ತದೆ. ನಾನೇನು ಮಾಡ್ಲಿ, ನೀವೇ ಯೋಳಿ.”

“ತಡೆಯಕ್ ಬಂದಿಲ್ಲ ಕಣವ್ವ. ತಿಳ್ದಿರ್ಲಿ ಅಂತ ಬಂದೆ.”

ಹಾಗೆಂದವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಚಪ್ಪರ ಸಿಂಗರಿಸಲು ನಿಂತಳು. ಗಂಡಿನ ಕಡೆಯವರು ಬಂದುಬಿಟ್ಟರೆ ಏನು ಗತಿ ಎಂದು ನಾನು ದಾರಿಯ ಕಡೆಗೇ ನೋಡುತ್ತಿದ್ದೆ. ಅತ್ತೆಗೆ ಆ ಅವಸರವೇ ಇರಲಿಲ್ಲ. ಅವಳು ಒಂದೇ ಕಡೆ ಅಷ್ಟು ಹೊತ್ತು ನಿಂತದ್ದನ್ನು ನಾನು ಮೊದಲ ಸಲ ನೋಡಿದೆ. ಬೆಳ್ಳಿ ಕಾಗದದ ನಕ್ಷತ್ರಗಳನ್ನು ಸೊಪ್ಪಿನ ನಡುವೆ ಒಂದೊಂದಾಗಿ ಇಳಿಬಿಟ್ಟಳು. ಹಾಲುಗಂಬಕ್ಕೆ ಗೂಡಿನ ಹೂ ಸುತ್ತಿದಳು. ಬಿಸಿಲು ವಾಲಿದಾಗ ಆ ಬಡ ಚಪ್ಪರದೊಳಗೆಲ್ಲ ಬೆಳಕಿನ ಚೂರುಗಳು ಓಡಾಡಿದವು, ಊರ ಮಕ್ಕಳು ಅವನ್ನು ಹಿಡಿಯಲು ಓಡಿದರು.

ಕೊನೆಗೆ ಒಳಗೆ ಹೋಗಿ ಮಾದೇವಿಯ ಹಣೆಗೆ ಬಾಸಿಂಗ ಅಳತೆ ನೋಡಿ ಕಟ್ಟಿದಳು. ದಾರದ ತುದಿ ಹಿಡಿದು ಪಕ್ಕದಲ್ಲಿದ್ದವಳು ನಾನು. ಗಂಟು ಹಾಕುತ್ತ ಅತ್ತೆ ಹುಡುಗಿಯ ಕಿವಿಯ ಬಳಿ ಹೇಳಿದ್ದು ನನಗೂ ಕೇಳಿಸಿತು.

“ಅವ್ನು ಬೀಗ ಆಕೋ ಇಂದ್ಗಡೆ ಕೋಣೆ ಅಟ್ಟದ ಮೇಲೆ ನಿಂತ್ರೆ ಸೂರಿನ ನಾಡಂಚು ಕೈಗೆ ಸಿಕ್ತವೆ. ಒಲೆ ಕಡೆ ಗೋಡೆ ಮ್ಯಾಲಿನವು ಸಡ್ಲ. ಕೊಳ್ಳೇಗಾಲದಲ್ಲಿ ನೇಕಾರ್ರ ಬೀದಿ. ಬಾಗ್ಲಿಗೆ ಕಲ್ಲು ಒತ್ತಿಟ್ಟಿರೋ ಮನೆ. ಯಾವಾಗ ಬಂದ್ರೂ ತೆಗ್ದಿರ್ತದೆ.”

ಬಾಸಿಂಗದ ಜರಿ ಮಾದೇವಿಯ ಹಣೆಯ ಮೇಲೆ ನಡುಗಿತು. ನಾವು ಕಾಲುದಾರಿ ದಾಟಿ ರಸ್ತೆಗೆ ಬರುವ ಹೊತ್ತಿಗೆ ದೂರದಲ್ಲಿ ಓಲಗದ ಸದ್ದು ಕೇಳುತ್ತಿತ್ತು. ಅತ್ತೆ ತಿರುಗಿ ನೋಡಲಿಲ್ಲ.

ಮಳೆಗಾಲ ಬಂದು ಹೋಯಿತು. ಅತ್ತೆ ಬೀದಿಯ ತುದಿಯವರೆಗೆ ಹೋಗಿ ಬರುವುದು ಇನ್ನೂ ಹೆಚ್ಚಾಯಿತು. ಊಟಕ್ಕೆ ಕೂತವಳು ಹೆಜ್ಜೆಯ ಸದ್ದು ಕೇಳಿದರೆ ಏಳುತ್ತಿದ್ದಳು. ಅವ್ವ ಒಂದು ಮುದ್ದೆ ಹೆಚ್ಚಿಗೆ ಮಾಡಿ ಮುಚ್ಚಿಡತೊಡಗಿದಳು. ಯಾರಿಗೆ ಎಂದು ನಾವು ಯಾರೂ ಕೇಳುತ್ತಿರಲಿಲ್ಲ. ಮತ್ತೆ ಮದುವೆಯ ಕಾಲ ಬಂದು, ಅಂಟು ಒಲೆಯ ಮೇಲೆ ಕುದಿಯುತ್ತಿದ್ದ ಒಂದು ಬೆಳಿಗ್ಗೆ ಬಾಗಿಲಲ್ಲಿ ಮಾದೇವಿ ನಿಂತಿದ್ದಳು. ಮೊಣಕೈ ತರಚಿತ್ತು. ಕೂದಲಲ್ಲಿ ಹಂಚಿನ ಮೇಲಿನ ಒಣ ಪಾಚಿ. ಅತ್ತೆ ಕಡ್ಡಿಯನ್ನು ನನ್ನ ಕೈಗೆ ಕೊಟ್ಟು ಹೋಗಿ ಅವಳ ತಲೆ ಕೊಡವಿದಳು. “ಉಂಡ್ಯಾ?” ಎಂದಷ್ಟೇ ಕೇಳಿದಳು.

ಅವನು ಬಂದ. ಅತ್ತೆಯನ್ನು ಕರೆಯಲು ಬಾರದಿದ್ದವನು ಮಾದೇವಿಯನ್ನು ಕರೆಯಲು ಬಂದ. ನಾನು ಅವನನ್ನು ರಾಕ್ಷಸನೆಂದುಕೊಂಡಿದ್ದೆ. ನೋಡಿದರೆ ಇಸ್ತ್ರಿ ಮಾಡಿದ ಅಂಗಿಯ ಸಣಕಲು ಮನುಷ್ಯ, ಬೀದಿಯಲ್ಲಿ ನಿಂತು ಬೆವರೊರೆಸಿಕೊಳ್ಳುತ್ತಿದ್ದ. ಮಗ್ಗಗಳ ಸದ್ದು ಒಂದೊಂದಾಗಿ ನಿಂತು ನೇಕಾರರು ಬಾಗಿಲಿಗೆ ಬಂದರು. ಅಪ್ಪನೂ ಬಂದು ತಂಗಿಯ ಹಿಂದೆ ನಿಂತ. ಅತ್ತೆ ಹೊಸ್ತಿಲ ಮೇಲೆ ಕೂತು ಗೂಡು ಕತ್ತರಿಸುತ್ತಿದ್ದವಳು ತಲೆಯೆತ್ತಿ, “ಸತ್ತೋಗಿರೋಳ ತವ ಏನ್ ಕೇಳಕ್ ಬಂದೆ?” ಎಂದಳು. ಅವನು ಬಾಗಿಲುಗಳಲ್ಲಿ ನಿಂತವರನ್ನು ನೋಡಿ, ನೆರಳಿಲ್ಲದ ಬೀದಿಯಲ್ಲಿ ಬಂದ ದಾರಿಯಲ್ಲೇ ಹೋದ. ಮತ್ತೆ ಬರಲಿಲ್ಲ.

ಕೆಂಪಮ್ಮ ವಿಷಯ ತಿಳಿದು ಬಂದು, ಮಗಳನ್ನು ಕರೆಯಲೂ ಆರದೆ ಬಿಡಲೂ ಆರದೆ ಅತ್ತು, ಸೀಗೆಕಾಯಿ ಇಳಿಸಿ ಹೋದಳು. ಮಾದೇವಿ ನಮ್ಮ ಮನೆಯವಳಾದಳು. ಅತ್ತೆಯನ್ನು ಅಕ್ಕ ಎನ್ನುತ್ತಿದ್ದಳು. ಇಬ್ಬರೂ ಸೇರಿ ಎಷ್ಟು ಮದುವೆಗಳನ್ನು ಸಿಂಗರಿಸಿದರೋ. ಮಾದೇವಿ ತಾಯಿಯ ಊರಿಗೆ ಹೋದಾಗಲೆಲ್ಲ ಗುಲಗಂಜಿ, ಬಿದಿರಿನ ಸಿಬಿರು, ಹೆಸರು ಗೊತ್ತಿಲ್ಲದ ಕಾಡುಕಾಯಿಗಳನ್ನು ಮಡಿಲಲ್ಲಿ ಕಟ್ಟಿ ತರುತ್ತಿದ್ದಳು. ಹಾರಕ್ಕೆ ಗುಲಗಂಜಿ ಸೇರಿಸಬೇಕೋ ಬೇಡವೋ ಎಂದು ಇಬ್ಬರಿಗೂ ದಿನವಿಡೀ ಜಗಳ, ಸಂಜೆಗೆ ಒಂದೇ ತಟ್ಟೆಯಲ್ಲಿ ಊಟ. ನನ್ನ ಮದುವೆಯ ಹಾರವನ್ನು ಇಬ್ಬರೂ ಎರಡು ತುದಿಯಿಂದ ಪೋಣಿಸುತ್ತ ಬಂದು ನಡುವೆ ಗಂಟು ಹಾಕಿದರು. ಅತ್ತೆ ನಿಂತು ನೋಡಿದ ಮದುವೆ ಅದೊಂದೇ. ಆಗಲೂ ಬಾಗಿಲ ಹತ್ತಿರವೇ ನಿಂತಿದ್ದಳು.

ಆಮೇಲೆ ಅಂಗಡಿಗಳಿಗೆ ಪ್ಲಾಸ್ಟಿಕ್ ಹೂ ಬಂತು. ತೊಳೆದರೆ ಮತ್ತೆ ಹೊಸದು, ಬಾಡುವುದೇ ಇಲ್ಲ ಎಂದು ಜನ ಅತ್ತ ಹೋದರು. ಅಪ್ಪ ತೀರಿಕೊಂಡ, ಮಗ್ಗದ ಕುಣಿಗೆ ಮಣ್ಣು ತುಂಬಿದರು. ಮಾದೇವಿ ಬಂದಾಗ ಇನ್ನೂ ತೊಟ್ಟಿಲಲ್ಲಿದ್ದ ನನ್ನ ತಮ್ಮ ಮನೆ ಮಾರಿದ. ಈಗ ಅಲ್ಲಿ ಪಾತ್ರೆ ಅಂಗಡಿಯ ಗೋದಾಮಿದೆ. ಜಗಲಿ ಎಲ್ಲಿತ್ತೆಂದು ನಾನು ಹೋಗಿ ನಿಂತರೂ ಗುರುತು ಸಿಗುವುದಿಲ್ಲ. ಅವ್ವನೂ ಇಲ್ಲ, ಮಾದೇವಿಯೂ ಇಲ್ಲ. ಆಗ ನಡೆದದ್ದಕ್ಕೆಲ್ಲ ಸಾಕ್ಷಿ ಹೇಳಲು ಉಳಿದವಳು ನಾನೊಬ್ಬಳೇ ಎನ್ನಿಸಿದಾಗ ಕೂತಲ್ಲಿ ಕೂರಲಾಗುವುದಿಲ್ಲ.

ಅಪ್ಪ ಹೋದ ಮರುವರ್ಷ, ಮನೆ ಇನ್ನೂ ನಮ್ಮದಾಗಿದ್ದಾಗಲೇ ಅತ್ತೆಗೆ ಕಾಯಿಲೆಯಾಯಿತು. ನಾನು ಗಂಡನ ಮನೆಯಿಂದ ಆಸ್ಪತ್ರೆಗೆ ಹೋದಾಗ ಎಲ್ಲ ಮುಗಿಯುತ್ತ ಬಂದಿತ್ತು. ಮಾದೇವಿ ಮಂಚದ ಪಕ್ಕದಲ್ಲಿ ಕೂತು ಅತ್ತೆಯ ಪಾದ ತಿಕ್ಕುತ್ತಿದ್ದಳು. ಹೊಸದಾಗಿ ಬಂದಿದ್ದ ನರ್ಸು, ಚಿಕ್ಕ ಹುಡುಗಿ, ಮಾದೇವಿಯ ಬೆನ್ನ ಮೇಲೆ ಕೈಯಿಟ್ಟು, “ನಿಮಗೆ ಇವರು ಏನಾಗಬೇಕು ಅಮ್ಮ? ತಾಯಿನಾ?” ಎಂದು ಕೇಳಿತು.

ಮಾದೇವಿ ತಿಕ್ಕುವುದನ್ನು ನಿಲ್ಲಿಸಲಿಲ್ಲ.

“ಸವ್ತಿ ಕಣವ್ವ” ಎಂದಳು.

ಆ ಮಾತನ್ನು ಅಷ್ಟು ಮೆತ್ತಗೆ ಯಾರಾದರೂ ಆಡಿದ್ದನ್ನು ನಾನು ಮತ್ತೆಲ್ಲೂ ಕೇಳಿಲ್ಲ.