ಗೌಡರ ತಾರಸಿಯ ಆಂಟೆನಾ

ದಾರಿ ತೋರಿಸುವ ಉಪಗ್ರಹಗಳು ಯಾವ ಗಳಿಗೆಗೆ ಆಕಾಶದಲ್ಲಿ ಎಲ್ಲಿರುತ್ತವೆ ಅಂತ ಗೇಣುದ್ದವೂ ತಪ್ಪದಂತೆ ಲೆಕ್ಕ ಹಾಕುವುದು ನನ್ನ ಕೆಲಸ. ಆ ಲೆಕ್ಕದಲ್ಲಿ ನನ್ನನ್ನು ಮೀರಿಸೋನು ನಮ್ಮ ಆಫೀಸಿನಲ್ಲಿ ಇನ್ನೂ ಹುಟ್ಟಿಲ್ಲ. ಅದಕ್ಕೆ ಬೇಕಾದ ಸಿಗ್ನಲ್ ಹಿಡಿಯುವ ಆಂಟೆನಾಗಳಲ್ಲಿ ಒಂದು, ಬಸರಾಳು ಕಡೆಯ ಹಳ್ಳಿಯೊಂದರಲ್ಲಿ ಗೌಡರೊಬ್ಬರ ತಾರಸಿ ಮೇಲಿದೆ. ಮೊನ್ನೆ ಅದು ಕೆಟ್ಟು ಕೂತಿತು. ಸರಿಮಾಡಲು ನಾನೇ ಹೋದೆ.

ಗೌಡರು ಜಗಲಿ ಮೇಲೆ ಕೂರಿಸಿಕೊಂಡರು. "ಅಷ್ಟು ಮ್ಯಾಲಿರೋದು ಎಲ್ಲದೆ ಅಂತ ಇಲ್ಲಿಂದ್ಲೇ ಏಳ್ತೀಯಾ? ಭಾರಿ ಬುದ್ಧಿವಂತ ಕಣಪ್ಪ! ಯಾವೂರು?"

"ಯಲಿಯೂರು."

"ಅಲ್ಲಿ ನಮ್ ನೆಂಟ್ರವ್ರೆ! ನೀನು ಯಾವ ಬೀದಿ?"

"ಊರಾಚೆ ಕಾಲೋನಿ," ಅಂದೆ. ಮುಚ್ಚಿಡುವ ಜಾಯಮಾನ ನನ್ನದಲ್ಲ.

ತಾರಸಿಗೆ ಮೆಟ್ಟಿಲಿರುವುದು ಮನೆಯೊಳಗೆ, ನಡುಮನೆ ದಾಟಿದ ಮೇಲೆ. ಗೌಡರು ಎದ್ದರು, ಹಿತ್ತಲಿಂದ ಬಿದಿರೇಣಿ ತಂದು ಹೊರಗೋಡೆಗೆ ಒರಗಿಸಿದರು. "ಒಳಗೆ ಎಂಗುಸ್ರು ಪೂಜೆ ಮಾಡ್ತಾವ್ರೆ. ಇಂಗೇ ಅತ್ತು ಕಣಪ್ಪ."

"ಉಪಗ್ರಹ ದಿನಾ ನಿಮ್ಮ ನೆತ್ತಿ ಮೇಲೇ ಓಯ್ತದೆ ಗೌಡ್ರೇ. ಅದ್ಯಾವ ಬೀದೀದು ಅಂತ ಕೇಳಿದ್ದೀರಾ?"

ಅವರು ನಕ್ಕರು, ಏಣಿ ಮಾತ್ರ ತೆಗೆಯಲಿಲ್ಲ. ಸಿಟ್ಟಿಗೆ ತಿರುಗಿ ಹೋಗಿಬಿಡುತ್ತಿದ್ದೆ, ಆದರೆ ಆಂಟೆನಾ ಕೆಟ್ಟಿರುವಷ್ಟು ಹೊತ್ತೂ ಹಾಳಾಗುವುದು ನನ್ನದೇ ಲೆಕ್ಕ. ಹಲ್ಲು ಕಚ್ಚಿಕೊಂಡು ಹತ್ತಿದೆ. ಕೆಳಗೆ ಗೌಡರೇ ಎರಡೂ ಕೈಯಲ್ಲಿ ಏಣಿ ಭದ್ರವಾಗಿ ಹಿಡಿದು, "ಜ್ವಾಪಾನ ಕಣ್ ಮಗಾ, ಬಿದ್ದೀಯಾ," ಅನ್ನುತ್ತಿದ್ದರು. ಬೈದಿದ್ದರೆ ವಾಸಿಯಿತ್ತು.

ಸಡಿಲವಾದ ಕೇಬಲ್ ಬಿಗಿದೆ, ಸಿಗ್ನಲ್ ಬಂತು, ಇಳಿದೆ. ಗೌಡರು ಏಣಿಯನ್ನು ಹಿತ್ತಲಿಗೆ ಒಯ್ಯದೆ ಅಲ್ಲೇ ಗೋಡೆಗೆ ಹಗ್ಗದಲ್ಲಿ ಕಟ್ಟಿದರು.

"ಇಲ್ಲೇ ಇರ್ಲಿ ಬುಡು. ಮುಂದ್ಲ ಸಲ ಬಂದಾಗ ನಿಂಗೆ ಸಲೀಸಾಯ್ತದೆ."

ನನ್ನೊಬ್ಬನಿಗೇ ಅಂತ ಒಂದು ದಾರಿ! ಇಂಥ ಮರ್ಯಾದೆ ನಮ್ಮಪ್ಪನಿಗೂ ಸಿಕ್ಕಿರಲಿಲ್ಲ.